ಚಿನ್ನದ ಬಳ್ಳಿಯ ಮೆಷಿನ್

ಕಸೂತಿಯ ಊರಾದ ಕಾವಾಲುವಿನಲ್ಲಿ ಎಂಕೋಸ್ ಅಬಾ ಅವರ ಮನೆಯೊಳಗೆ ನೇರವಾಗಿ ನಡೆದವರಿಲ್ಲ. ಹೊಸ್ತಿಲು ದಾಟಿದ್ದೇ ಮೈಯನ್ನು ಅಡ್ಡ ತಿರುಗಿಸಿ, ಹೊಟ್ಟೆಯನ್ನು ಒಳಗೆಳೆದುಕೊಂಡು, ಏಡಿಯ ಹಾಗೆ ಸರಿಯಬೇಕು. ಎಡಕ್ಕೆ ಹೊಲಿಗೆ ಮೆಷಿನ್, ಬಲಕ್ಕೆ ಹೊಲಿಗೆ ಮೆಷಿನ್. ಕಿಟಕಿಯ ಕಟ್ಟೆಯ ಮೇಲೆ, ಅಕ್ಕಿಯ ಡಬ್ಬದ ಮೇಲೆ, ಮಂಚದ ಕೆಳಗೆ, ಬಚ್ಚಲಿನ ಹೊರಗೋಡೆಗೆ ಒರಗಿ ಕೂಡ ಕಪ್ಪು ಕಬ್ಬಿಣದ ತಲೆಗಳು. ಊಟಕ್ಕೆ ಚಾಪೆ ಹಾಸಿದರೆ ಎರಡು ಮೆಷಿನ್‌ಗಳು ಚಾಪೆಯಂಚಿಗೇ ಕೂತು, ತಮಗೂ ಬಡಿಸುತ್ತಾರೇನೋ ಎಂದು ಕಾಯುವಂತೆ ಕಾಣುತ್ತಿದ್ದವು.

ಹೆಚ್ಚಿನವಕ್ಕೆ ಕಾಲಿಲ್ಲ. ಬಾಂಡುಂಗಿನ ಕಾಫಿ ಅಂಗಡಿಯವರು ತುಳಿಯುವ ಮೆಷಿನ್ನಿನ ಕಬ್ಬಿಣದ ಕಾಲುಗಳನ್ನು ಮೇಜು ಮಾಡಿಕೊಳ್ಳಲು ಒಯ್ದು, ಮೇಲಿನ ತಲೆಯನ್ನು ಗುಜರಿಗೆ ಎಸೆಯುತ್ತಾರೆ. ಎಸೆದದ್ದನ್ನೆಲ್ಲ ಅಬಾ, ಅಂದರೆ ಮನೆಗೂ ಊರಿಗೂ ಅಪ್ಪ, ಹೊತ್ತು ತರುತ್ತಾರೆ. ತಂದವರೇ ಹಳೇ ಬನಿಯನ್ನಿನ ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬುಡದ ಬಲಮೂಲೆಯನ್ನು ತಿಕ್ಕುತ್ತಾರೆ. ಕೊಳೆಯ ಅಡಿಯಿಂದ ಒಂದು ಅಕ್ಷರ, ಅದರ ಬೆನ್ನಿಗೆ ಅಂಕಿಗಳ ಸಾಲು ಮೆಲ್ಲಗೆ ಮೇಲೆದ್ದು ಬರುತ್ತದೆ.

"ವೈ! ನೋಡ್ರೇ, ವೈ! ಸ್ಕಾಟ್ಲೆಂಡಿನ ತಲೆ ಇದು. ನಮ್ಮಪ್ಪನಿಗೆ ಮೀಸೆ ಮೂಡೋ ಕಾಲದ್ದು."

"ನಿಮ್ಮ ಸ್ಕಾಟ್ಲೆಂಡಿನವರು ಯಾವತ್ತು ಪಾತ್ರೆ ತೊಳೀತಾರೆ ಕೇಳಿ," ಎನ್ನುತ್ತಿದ್ದರು ಎಮಾ ಇರೋಹ್, ಅವರ ಹೆಂಡತಿ, ಮನೆಗೆಲ್ಲ ಅಮ್ಮ. "ಬೆಳಿಗ್ಗೆಯಿಂದ ಬೇಸಿನ್ ತುಂಬ ಬಿದ್ದಿದೆ."

ಒಂದು ಕಾಲದಲ್ಲಿ ಈ ಮನೆಯಲ್ಲಿ ಹುಡುಗಿಯರ ಒಂದು ಹಿಂಡೇ ಕೂತು ಕಸೂತಿ ಹಾಕುತ್ತಿತ್ತು. ಅಬಾ ಆಗ ಯಜಮಾನರು. ಎದುರು ಬೀದಿಯಲ್ಲಿ ಕಂಪ್ಯೂಟರ್ ಮೆಷಿನ್‌ಗಳು ಬಂದವು, ಹುಡುಗಿಯರು ಒಬ್ಬೊಬ್ಬರಾಗಿ ಅಲ್ಲಿಗೆ ಹೋದರು. ಹೋಗದೆ ಉಳಿದವಳು ಇಮಾಸ್ ಒಬ್ಬಳೇ. ಸೊಸೆಯನ್ನು ಕೆಲಸದಿಂದ ಬಿಡಿಸುವ ಪದ್ಧತಿ ಎಲ್ಲೂ ಇಲ್ಲವಲ್ಲ. ಬೆಳಗಿನ ಅನ್ನ ಇಳಿಸಿ, ಬಟ್ಟೆ ಒಗೆದು, ಮಗಳು ವುಲಾನ್‌ಳನ್ನು ಶಾಲೆಗೆ ಕಳಿಸಿದ ಮೇಲೆ ಅವಳು ಹಿತ್ತಿಲ ಕಿಟಕಿಯ ಬಳಿಯ ತನ್ನ ಮೆಷಿನ್ ಮುಂದೆ ಕೂರುತ್ತಿದ್ದಳು. ಹೆಂಗಸರು ನಮಾಜಿಗೆ ಹೊದೆಯುವ ಬಿಳಿ ಬಟ್ಟೆಯ ಅಂಚಿಗೆ ಹೂವು, ಬಳ್ಳಿ, ತೂತುಗಳ ಜಾಲರಿ. ಗಂಡ ಯಾಯತ್ ವಾರಕ್ಕೆರಡು ಸಲ, ಸೋಮವಾರಕ್ಕೊಮ್ಮೆ ಗುರುವಾರಕ್ಕೊಮ್ಮೆ, ಅದನ್ನು ಗಂಟು ಕಟ್ಟಿ ಜಕಾರ್ತಾದ ತಾನಾ ಅಬಾಂಗ್ ಸಂತೆಗೆ ಒಯ್ಯುತ್ತಿದ್ದ. ಬಂದ ಹಣ ಎಮಾ ಅವರ ಸೆರಗಿನ ಗಂಟಿಗೆ ಹೋಗುತ್ತಿತ್ತು.

"ಎದುರು ಬೀದಿಯವರು ಹೂವಿಗಿಷ್ಟು ಅಂತ ಕೊಡ್ತಾರಂತೆ ಎಮಾ," ಎಂದು ಇಮಾಸ್ ಒಮ್ಮೆ ಮೆಲ್ಲಗೆ ಅಂದಿದ್ದಳು.

"ಮನೆಯವಳಿಗೆ ಕೂಲಿಯಾ?" ಎಮಾ ನಕ್ಕುಬಿಟ್ಟಿದ್ದರು. "ಹಂಗಾದ್ರೆ ನಾನು ಅನ್ನ ಬೇಯಿಸಿದ್ದಕ್ಕೆ ಯಾರ ಹತ್ರ ಇಸ್ಕೊಳ್ಳಲಿ?"

ಕಸೂತಿಯ ಮೆಷಿನ್ನಿಗೆ ಹಲ್ಲಿರುವುದಿಲ್ಲ. ಸೂಜಿಯ ಕೆಳಗೆ ಬಟ್ಟೆಯನ್ನು ಕಚ್ಚಿ ಮುಂದಕ್ಕೆಳೆಯುವ ಕಬ್ಬಿಣದ ಹಲ್ಲುಗಳನ್ನು ಕಾವಾಲುವಿನವರು ಕಿತ್ತು ತೆಗೆಯುತ್ತಾರೆ. ಆಮೇಲೆ ಆ ಮೆಷಿನ್ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಸೂಜಿ ಇದ್ದಲ್ಲೇ ಕುಟ್ಟುತ್ತದೆ. ಬಿದಿರಿನ ಬಳೆಗೆ ಬಿಗಿದ ಬಟ್ಟೆಯನ್ನು ಎರಡು ಕೈಗಳೇ ಆಚೆ ಈಚೆ ತಿರುಗಿಸಿ ಹೂವು ಮಾಡಬೇಕು. ಕಾಲು ತುಳಿಯುತ್ತಲೇ ಇರಬೇಕು. ಇಮಾಸ್ ತುಳಿಯುತ್ತ ತುಳಿಯುತ್ತ ಒಂದು ಕನಸು ಸಾಕಿಕೊಂಡಿದ್ದಳು. ತಾಸಿಕ್ ಪಟ್ಟಣದಲ್ಲಿ ಕೆಬಾಯ ರವಿಕೆ ಹೊಲಿಯುವ ಬು ಎಂಟಿನ್, ಎಂದರೆ ಎಂಟಿನಮ್ಮ, ಎಂಬಾಕೆ ಇದ್ದಳು. ತನ್ನ ಅಂಗಡಿಯ ಪಕ್ಕದ ಕೋಣೆ ಕೊಡುತ್ತೇನೆ, ಬಂದು ಕಸೂತಿ ಹಾಕು, ದುಡಿದದ್ದು ನಿನ್ನ ಕೈಗೇ ಕೊಡುತ್ತೇನೆ ಎಂದು ಆಕೆ ಹೇಳಿ ಕಳಿಸಿದ್ದಳು. ಷರತ್ತು ಒಂದೇ: ಮೆಷಿನ್ ನಿನ್ನದೇ ಆಗಿರಬೇಕು.

ನನ್ನದೇ ಇದೆಯಲ್ಲ, ಎಂದುಕೊಂಡಿದ್ದಳು ಇಮಾಸ್. ಅವಳ ಮಹರ್ ಒಂದು ಹೊಲಿಗೆ ಮೆಷಿನ್. ನಿಕಾಹ್‌ನ ದಿನ ಮಸೀದಿಯವರು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದ್ದರು: ಹೆಣ್ಣಿಗೆ ಮಹರ್ ಒಂದು ಹೊಲಿಗೆ ಮೆಷಿನ್, ಈಗಲೇ ಕೈಗೆ ಸಂದಾಯ. ಮಹರ್ ಎಂದರೆ ಹೆಣ್ಣಿನದು. ಅವಳು ಮನಸಾರೆ ಕೊಟ್ಟ ಹೊರತು ಗಂಡನೂ ಮಾವನೂ ಮುಟ್ಟುವಂತಿಲ್ಲ. ನಾದಿನಿ ತಿತಿನ್‌ಳ ಮದುವೆ ಗೊತ್ತಾಗಿತ್ತು. ಅದೊಂದು ಮುಗಿಯಲಿ, ಆಮೇಲೆ ಬಾಯಿ ಬಿಡುತ್ತೇನೆ ಎಂದು ಅವಳು ಕಾಯುತ್ತಿದ್ದಳು.

ಅಷ್ಟರಲ್ಲಿ ಕೊಹ್ ಹೆಂಗ್ಕಿ ಬಂದರು.

ಬಾಂಡುಂಗಿನ ಹೆಂಗ್ಕಿ, ಎಲ್ಲರ ಬಾಯಲ್ಲಿ ಕೊಹ್, ಅಂದರೆ ಅಣ್ಣ, ಹಳೇ ಮೆಷಿನ್ ಸಂಗ್ರಹಿಸುವವರು. ದುಂಡು ಮೈ, ಕನ್ನಡಕವನ್ನು ಹಣೆಗೇರಿಸಿಕೊಂಡೇ ಅದನ್ನು ಹುಡುಕುವ ಮನುಷ್ಯ. ಅಡ್ಡಡ್ಡ ಸರಿಯಲು ಅವರ ಹೊಟ್ಟೆ ಒಪ್ಪಲಿಲ್ಲ, ಎರಡು ಮೆಷಿನ್‌ಗಳ ನಡುವೆ ಸಿಕ್ಕಿಕೊಂಡು, "ಅಬಾ, ನಾನು ಕೊಂಡ್ಕೊಳ್ಳೋಕೆ ಬಂದಿದ್ದು, ನನ್ನನ್ನೇ ಇಟ್ಕೋತೀರಾ?" ಎಂದರು. ವುಲಾನ್ ಕಿಸಕ್ಕನೆ ನಕ್ಕಳು.

ಒಂದೊಂದನ್ನೇ ತಟ್ಟಿ, ಚಕ್ರ ತಿರುಗಿಸಿ, ಕಿವಿಗೊಟ್ಟು ಕೇಳಿ, ಅವರು ಮುಂದೆ ಹೋದರು. "ಇದು ಬೇರೆ ಯಾವುದೋ ತಲೆ, ಸಿಂಗರ್ ಬಿಲ್ಲೆ ಅಂಟಿಸಿದ್ದಾರೆ. ಇದರ ಚಕ್ರ ಆಮೇಲೆ ಹಾಕಿದ್ದು. ಇದು ಚೆನ್ನಾಗಿದೆ, ಆದ್ರೆ ನನ್ನ ಹತ್ರ ಇದೆ." ಅಬಾ ಅವರ ಮುಖ ಸಣ್ಣದಾಗುತ್ತ ಬಂತು. ಕೊನೆಗೆ ಅವರೇ ಒಳಕೋಣೆಯ ಕಪಾಟಿನ ಬೀಗ ತೆಗೆದು, ಹಳೇ ಸಾರೊಂಗ್ ಲುಂಗಿಯಲ್ಲಿ ಸುತ್ತಿದ್ದ ಗಂಟೊಂದನ್ನು ಬಿಚ್ಚಿದರು.

ಹೆಂಗ್ಕಿ ಕನ್ನಡಕವನ್ನು ಮೂಗಿಗಿಳಿಸಿದರು.

ಕಪ್ಪು ಅಂದರೆ ಕಪ್ಪು, ಮಾಗಿದ ನೇರಳೆಯ ಹಾಗೆ. ಬೆನ್ನ ಮೇಲಿನಿಂದ ಬುಡದವರೆಗೆ ಚಿನ್ನದ ಬಳ್ಳಿ ಇಳಿದಿತ್ತು. ಒಂದು ಎಲೆಯೂ ಸವೆದಿರಲಿಲ್ಲ.

"ಕೆಲಸ ಮಾಡಿದವರ ಮೊಣಕೈ ತಾಗಿ ತಾಗಿ ಈ ಬಳ್ಳಿ ಅಳಿಸಿ ಹೋಗುತ್ತೆ," ಅಂದರು ಹೆಂಗ್ಕಿ, ಪಿಸುಮಾತಿನಲ್ಲಿ. "ಇದನ್ನ ಯಾರೂ ಮುಟ್ಟೇ ಇಲ್ಲ. ಹಲ್ಲು ಕೂಡ ಇದೆ! ಕಾವಾಲುವಿನಲ್ಲಿ ಹಲ್ಲಿರೋ ತಲೆ ಸಿಗೋದೇ ಇಲ್ಲ. ಅಬಾ, ಇಷ್ಟು ವರ್ಷ ಹೇಗೆ ಕೆಲಸಕ್ಕೆ ಹಾಕದೆ ಇಟ್ರಿ?"

ಚಹಾ ತಂದ ಎಮಾ, ಬಗ್ಗಿ ಲೋಟ ಇಡುತ್ತ, ಹಾಗೇ ಅಂದುಬಿಟ್ಟರು: "ಹಾಕೋದು ಹೆಂಗೆ? ಅದು ಇಮಾಸ್‌ಳ ಮಹರ್ ಅಲ್ವಾ. ಹಾಳಾಗಬಾರದು ಅಂತ ಇವರೇ ಎತ್ತಿಟ್ರು."

ಲೋಟ ನೆಲಕ್ಕೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು.

ಇಮಾಸ್ ಬಾಗಿಲ ಬಳಿ ನಿಂತಿದ್ದಳು, ಕೈಯಲ್ಲಿ ಕರಿದ ಬಾಳೆಹಣ್ಣಿನ ತಟ್ಟೆ. "ನನ್ನ ಮೆಷಿನ್ ಹಿತ್ತಿಲ ಕಿಟಕಿ ಹತ್ರ ಇದೆಯಲ್ಲ ಎಮಾ," ಎಂದಳು.

ಅಬಾ ಗಂಟಿನ ಬಟ್ಟೆಯನ್ನು ಮಡಿಸತೊಡಗಿದರು. "ಕಾಲು ಅದೇ ಮಗಳೇ. ತಲೆ ಬದಲಾಯಿಸಿದ್ದೆ. ಮದುವೆಯ ವಾರದಲ್ಲೇ. ಇಷ್ಟು ಒಳ್ಳೇದನ್ನ ಹಲ್ಲು ಕಿತ್ತು ಕಸೂತಿಗೆ ಹಾಕೋಕೆ ಮನಸ್ಸು ಬರಲಿಲ್ಲ. ನಿನ್ನದನ್ನ ಜೋಪಾನ ಮಾಡಿದ್ದೀನಿ, ಬೇರೇನಿಲ್ಲ. ನೀನು ಕೆಲಸ ಮಾಡ್ತಿರೋದು ಮನೆಯದು."

ಮದುವೆಯ ದಿನ ಅದು ಮಲ್ಲಿಗೆ ಸರ, ಬಿಳಿ ಪರದೆ, ರಿಬ್ಬನ್ನುಗಳಲ್ಲಿ ಮುಚ್ಚಿಹೋಗಿತ್ತು. ಮದುಮಗಳು ತಲೆ ಎತ್ತಿದ್ದರಲ್ಲವೇ ನೋಡುವುದು? ಅವಳಿಗೆ ಕಂಡದ್ದು ಕಬ್ಬಿಣದ ಕಾಲುಗಳು ಮಾತ್ರ. ಹದಿನೈದು ವರ್ಷ ಅವಳು ಎಣ್ಣೆ ಬಿಟ್ಟದ್ದು, ಒರೆಸಿದ್ದು, ಬೇಜಾರಾದಾಗ ಹಣೆ ಆನಿಸಿ ಕೂತದ್ದು ಬೇರೆಯವರ ತಲೆಗೆ.

ಹೆಂಗ್ಕಿ ಚಹಾ ಕುಡಿದು ಮುಗಿಸಿದರು. ಹೇಳಿದ ಬೆಲೆ ತಿತಿನ್‌ಳ ಮದುವೆಯ ಚಪ್ಪರ, ಊಟ, ವಾದ್ಯ ಎಲ್ಲಕ್ಕೂ ಸಾಕಾಗುವಂಥದ್ದು. ಆದರೆ ಎದ್ದು ನಿಂತು, "ಮಹರಿನ ವಿಷಯ ನನಗೂ ಗೊತ್ತು ಅಬಾ. ಒಡತಿ ಬಾಯಿಂದ ಕೊಟ್ಟೆ ಅನ್ನಿಸಿ. ಮದುವೆಗೆ ಮೊದಲು ಒಂದು ಗುರುವಾರ ಬರ್ತೀನಿ," ಎಂದು, ಮತ್ತೆ ಎರಡು ಮೆಷಿನ್‌ಗಳ ನಡುವೆ ಸಿಕ್ಕಿ, ಬಿಡಿಸಿಕೊಂಡು ಹೋದರು.

ಅಂದಿನ ಊಟಕ್ಕೆ ಸುಟ್ಟ ಒಣಮೀನು, ಹಸಿ ಸೊಪ್ಪು, ಖಾರದ ಸಂಬಾಲ್ ಚಟ್ನಿ.

"ನಾನು ಕೇಳಲ್ಲ," ಅಂದರು ಅಬಾ, ಅನ್ನ ಕಲಸುತ್ತ. "ಮಹರ್ ಕೇಳೋದು ಪಾಪ. ಅವಳಾಗಿ ಮನಸಾರೆ ಕೊಟ್ರೆ ಮಾತ್ರ."

"ಕೇಳಲ್ಲ ಅಂತ ಹೇಳೋದೂ ಕೇಳಿದ ಹಾಗೇ ಅಲ್ವಾ ಅಬಾ?" ಎಂದಳು ವುಲಾನ್.

"ಬಾಯಲ್ಲಿ ಮೀನಿನ ಮುಳ್ಳಿದೆ, ನೋಡ್ಕೊಂಡು ತಿನ್ನು," ಎಂದ ಯಾಯತ್ ಮಗಳಿಗೆ.

ತಿತಿನ್ ತಟ್ಟೆ ಸರಿಸಿದಳು. "ನನಗೋಸ್ಕರ ಯಾರೂ ಏನೂ ಕೊಡೋದು ಬೇಡ. ನಾನು ಹಿತ್ತಿಲಲ್ಲಿ ಕೋಳಿಗಳ ಜೊತೆ ನಿಂತು ನಿಕಾಹ್ ಮಾಡ್ಕೋತೀನಿ. ತೇತೆ ತನ್ನ ಸ್ಕಾಟ್ಲೆಂಡನ್ನ ತಬ್ಕೊಂಡು ಮಲಗಲಿ."

ತೇತೆ ಅಂದರೆ ಅಕ್ಕ. ತಿತಿನ್ ಹಲ್ಲು ಬೀಳುವ ವಯಸ್ಸಿನಿಂದ ಇಮಾಸ್‌ಳನ್ನು ಹಾಗೆ ಕರೆದವಳು. ಅವಳ ಜಡೆ ಹೆಣೆದು, ಹೇನು ತೆಗೆದು ಬೆಳೆಸಿದ್ದು ಇಮಾಸೇ.

"ನಾನು ಏನೂ ಅಂದಿಲ್ಲವಲ್ಲೇ," ಎಂದಳು ಇಮಾಸ್.

"ಅದೇ. ಏನೂ ಅನ್ನಲ್ಲ ನೀನು."

ಮರುದಿನದಿಂದ ಇಮಾಸ್‌ಳ ತಟ್ಟೆಗೆ ಮೀನಿನ ನಡುತುಂಡು ಬೀಳತೊಡಗಿತು. ಅದೇ ಶುರು. ಎಮಾ ತಾವೇ ಬಟ್ಟೆ ಒಗೆಯಲು ಕೂತರು. "ನಿನ್ನ ಕಾಲು ಊದಿದೆ, ಸ್ವಲ್ಪ ಮಲಗು" ಎಂದರು. ಅಬಾ ಸಂತೆಯಿಂದ ಅವಳಿಗೆಂದೇ ದುರಿಯನ್ ಹಣ್ಣು ತಂದು, ಬಿಡಿಸಿ, ದೊಡ್ಡ ತೊಳೆಯನ್ನು ಎಲೆಯ ಮೇಲಿಟ್ಟರು. ಹದಿನೈದು ವರ್ಷದಲ್ಲಿ ಯಾರೂ ಹೀಗೆ ಮಾಡಿರಲಿಲ್ಲ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ದುರಿಯನ್ ಕೊಟ್ಟವರಿಗೆ ಏನು ಹೇಳುವುದು?

ಚಪ್ಪರದವನು ಬಂದು ಅಂಗಳ ಅಳೆದ. ಹೋಗುವಾಗ ಇಮಾಸ್‌ಳತ್ತ ನೋಡಿ ಕೈಮುಗಿದ. ಎದುರುಮನೆಯ ಹೆಂಗಸು ಬೇಲಿಯ ಮೇಲಿಂದ ಕೂಗಿದಳು: "ನಾದಿನಿಗೋಸ್ಕರ ಮಹರನ್ನೇ ಬಿಟ್ಟುಕೊಟ್ಯಂತೆ! ಸ್ವರ್ಗದಲ್ಲಿ ನಿನಗೆ ಜಾಗ ಇದೆ ಬಿಡು."

"ಅಲ್ಲಾದ್ರೂ ನೇರವಾಗಿ ನಡೀಬಹುದಾ?" ಎಂದಳು ಇಮಾಸ್.

ಆ ಹೆಂಗಸು ನಕ್ಕಳು, ಅರ್ಥವಾಗದೆ. ಇಮಾಸ್ ಒಳಗೆ ಬಂದು ಪೆಡಲ್ ತುಳಿದಳು. ಕೈ ಎಂದಿನಂತೆ ತಿರುಗಲಿಲ್ಲ. ಮಲ್ಲಿಗೆ ಹಾಕಲು ಹೋದರೆ ಎಸಳುಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾದವು. ಬಿಚ್ಚಿ ಮತ್ತೆ ಹಾಕಿದಳು. ಬು ಎಂಟಿನ್ ಫೋನಿಗೆ ಧ್ವನಿ ಕಳಿಸಿದ್ದಳು: "ನೆಂಗ್, ತಂಗೀ, ಏನಾಯ್ತು? ಚಿಬೆಉರೆಮ್‌ನಿಂದ ಇನ್ನೊಬ್ಬಳು ಮೆಷಿನ್ ತರ್ತೀನಿ ಅಂತಿದ್ದಾಳೆ. ನಿನಗೋಸ್ಕರ ಕೋಣೆ ಹಿಡಿದಿಟ್ಟಿದ್ದೀನಿ. ಈ ತಿಂಗಳು ದಾಟಿದ್ರೆ ನನ್ನನ್ನ ಬೈಬೇಡ." ಇಮಾಸ್ ಅದನ್ನು ಕಿವಿಗೊತ್ತಿಕೊಂಡು ಹಿತ್ತಿಲಲ್ಲಿ ಮತ್ತೆ ಮತ್ತೆ ಕೇಳಿದಳು.

ಶುಕ್ರವಾರ ನಮಾಜು ಮುಗಿಸಿ ಬಂದ ಯಾಯತ್ ಗಂಟು ಕಟ್ಟುತ್ತಿದ್ದ. ಅವಳು ಹಗ್ಗದ ತುದಿ ಹಿಡಿದುಕೊಂಡು ಕೂತಳು. ಗಂಡನನ್ನು ಅವಳು ಕಾಂಗ್ ಎಂದೇ ಕರೆಯುತ್ತಿದ್ದಳು.

"ಒಂದು ಮಾತು ಹೇಳಿಬಿಡೇ," ಎಂದ ಅವನು. "ಕೊಟ್ಟೆ ಅನ್ನು. ಮುಂದಿನ ವರ್ಷ ನಾನು ಕರೆಂಟಿಂದು ಕೊಡಿಸ್ತೀನಿ. ಹೊಸದು. ತುಳಿಯೋದೇ ಬೇಡ."

"ಕಾಂಗ್, ನಾನು ಪಟ್ಟಣಕ್ಕೆ ಹೋಗ್ತೀನಿ. ಬು ಎಂಟಿನ್ ಹತ್ರ. ಮೆಷಿನ್ ಇದ್ರೆ ಕೋಣೆ ಕೊಡ್ತಾರೆ. ವುಲಾನ್ ಶಾಲೆಗೂ ಹತ್ತಿರ. ನೀವೂ ಬನ್ನಿ."

ಯಾಯತ್ ಹಗ್ಗ ಎಳೆಯುವುದನ್ನು ನಿಲ್ಲಿಸಿದ. "ಅಬಾನ ಬಿಟ್ಟು?"

"ಬಸ್ಸಿಗೆ ಹತ್ತಿದ್ರೆ ಒಂದು ನಿದ್ದೆಯೂ ಆಗಲ್ಲ. ಬಿಟ್ಟು ಅಂತೀರಲ್ಲ."

"ಜನ ಏನಂತಾರೆ? ಸೊಸೆ ಮಹರ್ ಎತ್ಕೊಂಡು ಓಡಿದ್ಲು ಅಂತಾರೆ."

"ಮಾವ ಎತ್ತಿಟ್ಕೊಂಡಾಗ ಏನಂದ್ರು?"

ಅವನು ಹಗ್ಗವನ್ನು ಬಿಗಿದು, ಬೇಕಾದ್ದಕ್ಕಿಂತ ಒಂದು ಗಂಟು ಹೆಚ್ಚೇ ಹಾಕಿ, "ಮದುವೆ ಮುಗೀಲಿ, ನೋಡೋಣ," ಎಂದ. ನೋಡೋಣ ಎನ್ನುವುದು ಆ ಮನೆಯಲ್ಲಿ ಬೇಡ ಎನ್ನುವುದರ ಮೆತ್ತನೆಯ ರೂಪ ಎಂದು ಇಮಾಸ್‌ಳಿಗೆ ಗೊತ್ತಿತ್ತು.

ತಿತಿನ್ ಮಾತು ಬಿಟ್ಟೇಬಿಟ್ಟಿದ್ದಳು. ಅಡಿಗೆಮನೆಯಲ್ಲಿ ಎದುರಾದರೆ ಪಾತ್ರೆ ಮಾತಾಡುತ್ತಿತ್ತು, ಅವಳಲ್ಲ. ಒಂದು ದಿನ ಮಾತ್ರ, ಬೆನ್ನು ಮಾಡಿ ಮೆಣಸಿನಕಾಯಿ ಅರೆಯುತ್ತ ಅಂದಳು: "ಒಂದು ಕಬ್ಬಿಣದ ತುಂಡು. ನಾನು ಅದಕ್ಕಿಂತ ಕಡಿಮೆಯಾಗಿಬಿಟ್ಟೆ ಅಲ್ವಾ ತೇತೇ?"

ಇಮಾಸ್‌ಳ ಕಣ್ಣು ತುಂಬಿತು. ಮೆಣಸಿನಕಾಯಿಯ ಘಾಟು ಎಂದು ಒರೆಸಿಕೊಂಡಳು. ಆ ದಿನವೆಲ್ಲ, ಕೊಟ್ಟೆ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಸಂಜೆ ಅಬಾ ಕಪಾಟಿನ ಮುಂದೆ ಕೂತು, ಚಿನ್ನದ ಬಳ್ಳಿಯನ್ನು ಮೆತ್ತನೆ ಬಟ್ಟೆಯಿಂದ ನೇವರಿಸುವುದು ಕಂಡಿತು. ಮಾರುವ ಮೊದಲು ಅದನ್ನು ಕಣ್ತುಂಬ ನೋಡಿಕೊಳ್ಳುತ್ತಿದ್ದರು. ಅವರಿಗೂ ಅದನ್ನು ಬಿಡಲು ಮನಸ್ಸಿಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಅವರ ಮೇಲೆ ಸಿಟ್ಟು ಮಾಡುವುದೂ ಕಷ್ಟವಾಯಿತು.

ಆ ಭಾನುವಾರ ಗಂಡಿನ ಕಡೆಯವರು ಮಹರ್ ಮಾತಾಡಲು ಬಂದರು. ಗಂಡಿನ ತಾಯಿ ಬು ಹಾಜಿ ರುಮ್ಸಾ, ಕೈತುಂಬ ಬಳೆ, ಬಾಯಿತುಂಬ ನಗು. ಅಂಗಳದಲ್ಲೇ ಚಾಪೆ ಹಾಸಿದರು. ಒಳಗೆ ಅಷ್ಟು ಜನ ಹಿಡಿಸುವಂತಿರಲಿಲ್ಲ. ಅಂಟು ಅಕ್ಕಿಯ ಉಂಡೆ, ಕಡಲೆಕಾಯಿ, ಚಹಾ. ಒಂದು ಚಿನ್ನದ ಸರ ಎಂದು ಮಾತಾಯಿತು. ಬು ಹಾಜಿ ಅದನ್ನು ಡಬ್ಬಿಯಿಂದ ತೆಗೆದು ತಿತಿನ್‌ಳ ಕತ್ತಿಗೆ ಹಿಡಿದು ನೋಡಿದರು.

"ಒಪ್ಪುತ್ತೆ, ಒಪ್ಪುತ್ತೆ! ಮದುವೆ ದಿನ ಹಾಕ್ಕೋ. ಆಮೇಲೆ ನನ್ನ ಕಪಾಟಲ್ಲಿರಲಿ. ಈಗಿನ ಹುಡುಗಿಯರು ತಲೆಪಿನ್ನನ್ನೇ ಕಳ್ಕೋತಾರೆ."

ಎಲ್ಲರೂ ನಕ್ಕರು. ಅಬಾ ಕೂಡ ನಕ್ಕರು. "ಹೌದಮ್ಮ, ಜೋಪಾನ ಮುಖ್ಯ," ಎಂದರು.

ತಿತಿನ್ ನಗಲಿಲ್ಲ. ಅವಳ ಕೈ ಕತ್ತಿನ ಮೇಲೇ ಇತ್ತು, ಸರ ಆಗಲೇ ಡಬ್ಬಿಗೆ ಹೋಗಿತ್ತು.

ಅವರನ್ನು ಕಳಿಸಿ ಅಡಿಗೆಮನೆಗೆ ಬಂದವಳು, ಇಮಾಸ್ ತೆಂಗಿನಕಾಯಿ ತುರಿಯುತ್ತಿದ್ದ ಕಡೆ ಕುಕ್ಕರಗಾಲಲ್ಲಿ ಕೂತಳು. ಎಷ್ಟೋ ದಿನಗಳ ಮೇಲೆ ಮುಖ ಕೊಟ್ಟು ಕೂತಿದ್ದಳು.

"ಕಪಾಟಲ್ಲಿರಲಿ ಅಂದ್ರು. ಕೇಳಿಸ್ಕೊಂಡ್ಯಾ?"

"ಕೇಳಿಸ್ತು."

"ಅಬಾ ನಕ್ಕರು ತೇತೇ."

ಇಮಾಸ್ ತುರಿಯುತ್ತಲೇ ಇದ್ದಳು.

"ಇಷ್ಟು ವರ್ಷ ನೀನ್ಯಾಕೆ ಕೇಳಲಿಲ್ಲ?"

"ಕೇಳೋಕೆ ಮೊದಲು ಕಳೆದಿದೆ ಅಂತ ಗೊತ್ತಿರಬೇಕಲ್ಲೇ. ನನ್ನ ಮುಂದೆ ಒಂದು ಮೆಷಿನ್ ಇತ್ತು, ತುಳಿದೆ. ನನ್ನದೇ ಅಂದ್ಕೊಂಡು ತುಳಿದೆ."

ತಿತಿನ್ ಒಂದು ಚಿಟಿಕೆ ತುರಿ ಬಾಯಿಗೆ ಹಾಕಿಕೊಂಡು ಎದ್ದಳು.

ಗುರುವಾರ ಬಂತು. ಯಾಯತ್ ಅಂದು ತಾನಾ ಅಬಾಂಗ್‌ಗೆ ಹೋಗುವುದನ್ನು ತಪ್ಪಿಸಬಹುದಿತ್ತು. ತಪ್ಪಿಸಲಿಲ್ಲ. ಹೆಂಗ್ಕಿ ತಮ್ಮ ಉದ್ದನೆಯ ಕಾರಿನ ಹಿಂದಿನ ಸೀಟು ಮಡಿಚಿ, ಹಾಸಿಗೆ ಹಾಸಿ, ಖಾಲಿ ಮಾಡಿಕೊಂಡು ಬಂದಿದ್ದರು. ಎಮಾ ಪಡಸಾಲೆಯಲ್ಲಿ ಹೇಗೋ ಜಾಗ ಮಾಡಿ ಚಾಪೆ ಹಾಸಿದರು. ಮೆಷಿನ್‌ಗಳ ನಡುವೆ ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಚಿನ್ನದ ಬಳ್ಳಿಯ ತಲೆಯನ್ನು ಒಳಕೋಣೆಯ ಹಿತ್ತಿಲ ಕಿಟಕಿಯ ಬಳಿ ಅದರ ಹಳೆಯ ಕಾಲಿನ ಮೇಲೇ ಕೂರಿಸಿ ಅಬಾ ಸಿದ್ಧ ಮಾಡಿದ್ದರು. ಅದಕ್ಕಾಗಿ ಇಮಾಸ್ ತುಳಿಯುತ್ತಿದ್ದ ತಲೆಯನ್ನು ಬಿಚ್ಚಿ ಅಕ್ಕಿಯ ಡಬ್ಬದ ಮೇಲಿಟ್ಟಿದ್ದರು.

"ಹೇಳು ಮಗಳೇ," ಎಂದರು ಅಬಾ, ಮೆತ್ತಗೆ. "ಮನಸಾರೆ."

ಇಮಾಸ್ ಈ ಮನೆಗೆ ಬಂದಾಗಿನಿಂದ ಅಬಾ ಹೇಳಿದ್ದಕ್ಕೆಲ್ಲ ಮಾಂಗ್ಗಾ ಎಂದವಳು. ಹಾಗೇ ಆಗಲಿ ಎಂದು ಅದರ ಅರ್ಥ. ಬಾಯಿ ಈಗಲೂ ಆ ಮಾತಿಗೇ ತೆರೆದುಕೊಂಡಿತು. ಅವಳು ಬಾಯಿ ಮುಚ್ಚಿ, ಮತ್ತೆ ತೆರೆದಳು.

"ಮನಸಿಲ್ಲ ಅಬಾ."

"ಏನು?"

"ಕೊಡೋಕೆ ನನಗೆ ಮನಸಿಲ್ಲ. ಅದು ನನಗೆ ಬೇಕು. ತಗೊಂಡು ಪಟ್ಟಣಕ್ಕೆ ಹೋಗ್ತೀನಿ. ಕೆಲಸಕ್ಕೆ."

ಎಮಾ ಎದೆಗೆ ಕೈಯಿಟ್ಟುಕೊಂಡರು. "ಕೆಲಸಕ್ಕೆ? ಅದನ್ನ? ಆ ಬಳ್ಳಿ ಮೇಲೆ ಮೊಣಕೈ ಊರಿ? ಅಯ್ಯೋ ಹುಡುಗಿ, ಚಪ್ಪರದವನಿಗೆ ಮಾತು ಕೊಟ್ಟಾಗಿದೆ! ಊರಿಗೆಲ್ಲ ಹೇಳಿದ್ದೀವಿ!"

"ಊರಿಗೆ ಹೇಳಿದ್ರಿ ಎಮಾ. ನನ್ನನ್ನ ಕೇಳಲಿಲ್ಲ."

"ಮೀನಿನ ನಡುತುಂಡು ಹಾಕಿದೆನಲ್ಲೇ ನಿನಗೆ! ಈ ಕೈಯಿಂದ ನಿನ್ನ ಬಟ್ಟೆ ಒಗೆದೆ!"

"ನಾನು ಹದಿನೈದು ವರ್ಷ ಒಗೆದೆ ಎಮಾ. ಅದಕ್ಕೆ ನಿಮ್ಮ ಕಪಾಟಿಂದ ಏನಾದ್ರೂ ಕೇಳಿದ್ನಾ?"

ವುಲಾನ್ ಅಮ್ಮನ ಬೆನ್ನಿಗೆ ಬಂದು ನಿಂತಳು. ಹೆಂಗ್ಕಿ ಲೋಟದೊಳಗಿನ ಚಹಾವನ್ನೇ ನೋಡುತ್ತ ಕೂತರು.

ಅಬಾ ಕೂಗಾಡಲಿಲ್ಲ. "ಸರಿ. ನಿನ್ನದೇ," ಎಂದರು. "ತಗೊಂಡು ಹೋಗು." ಹೇಳಿ, ಎದ್ದುಹೋಗಿ ಹೊಸ್ತಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಎಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ತಗೊಂಡು ಹೋಗು ಎನ್ನುವುದು ಸುಲಭ. ಒಳಕೋಣೆಯಿಂದ ಹೊಸ್ತಿಲವರೆಗೆ ಮೆಷಿನ್ನಿನ ಪಕ್ಕ ಮೆಷಿನ್. ಮನುಷ್ಯರೇ ಅಡ್ಡಡ್ಡ ಹೋಗುವ ದಾರಿಯಲ್ಲಿ ಕಬ್ಬಿಣದ ಕಾಲಿನ ಮೆಷಿನ್ ಹೇಗೆ ಹೋಗುತ್ತದೆ? ಇಮಾಸ್ ಎದ್ದು ಒಳಗೆ ಹೋಗಿ ಅದರ ಹಲಗೆಗೆ ಕೈ ಹಾಕಿದಳು. ಎಳೆದಳು. ಎರಡು ಗೇಣು ಸರಿಯಿತು. ಮೂರನೆಯದಕ್ಕೆ ಮುಂದಿದ್ದ ಇನ್ನೊಂದು ಮೆಷಿನ್ನಿಗೆ ತಗುಲಿ ನಿಂತಿತು. ಅದನ್ನು ಸರಿಸಲು ಹೋದರೆ ಅದರ ಹಿಂದೆ ಮತ್ತೊಂದು. ಪಕ್ಕಕ್ಕೆ ಜಾಗವೇ ಇಲ್ಲ. ಅವಳು ಆ ಕಬ್ಬಿಣಗಳ ನಡುವೆ, ತನ್ನ ಮೆಷಿನ್ ಹಿಡಿದುಕೊಂಡು, ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಬರಲಾರದೆ ನಿಂತಳು. ಬೆವರು ಕಣ್ಣಿಗಿಳಿಯಿತು. ಬಾಗಿಲಲ್ಲಿ ಅಬಾ ಅವರ ಬೆನ್ನು ಕಾಣುತ್ತಿತ್ತು. ಅವರು ಕಾಯುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅವಳೇ ಸೋತು ಬಂದು ಮಾಂಗ್ಗಾ ಎನ್ನುತ್ತಾಳೆಂದು ಅವರಿಗೆ ಗೊತ್ತಿತ್ತು. ಅವಳಿಗೂ ಹಾಗೇ ಅನ್ನಿಸತೊಡಗಿತ್ತು.

ಆಗ ತಿತಿನ್ ಸಾರೊಂಗನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಎದ್ದಳು. ಬಾಗಿಲ ಬಳಿಯ ಮೊದಲ ತಲೆಯನ್ನು ತಬ್ಬಿ ಎತ್ತಿ, ಅಪ್ಪನ ಕುರ್ಚಿಯನ್ನು ದಾಟಿ, ಅಂಗಳದಲ್ಲಿ ಇಟ್ಟು ಬಂದಳು.

"ಏನೇ ಇದು?" ಎಂದರು ಎಮಾ.

"ದಾರಿ ಮಾಡ್ತಿದ್ದೀನಿ."

"ನಿನ್ನ ಮದುವೆ ಕಣೇ ಹಾಳಾಗ್ತಿರೋದು!"

"ಚಪ್ಪರ ಚಿಕ್ಕದು ಹಾಕಿ. ವಾದ್ಯ ಬೇಡ, ಚಿಕ್ಕಪ್ಪ ಕೊಳಲು ಊದಲಿ. ಆದ್ರೆ ಸರ ನನ್ನ ಕತ್ತಲ್ಲೇ ಇರುತ್ತೆ ಅಂತ ಬು ಹಾಜಿಗೆ ಇವತ್ತೇ ಹೇಳಿ ಕಳಿಸಿ. ತೇತೆ ಮಹರ್ ಈ ಮನೆಯಿಂದ ಹೊರಗೆ ಹೋಗದೆ ಇದ್ರೆ, ಯಾವ ಮುಖ ಇಟ್ಕೊಂಡು ಹೇಳಿ ಕಳಿಸ್ತೀರಿ?"

ವುಲಾನ್ ಎರಡನೆಯದನ್ನು ಎತ್ತಿದಳು. ಹೆಂಗ್ಕಿ ಕೂಡ ಲೋಟ ಕೆಳಗಿಟ್ಟು, "ನಾನು ಕೂತ್ಕೊಂಡು ಚಹಾ ಕುಡಿದ್ರೆ ನನ್ನಮ್ಮ ಗೋರಿಯಿಂದ ಎದ್ದು ಬರ್ತಾಳೆ," ಎನ್ನುತ್ತ ಮೂರನೆಯದಕ್ಕೆ ಬಗ್ಗಿದರು. ಅಂಗಳದಲ್ಲಿ ಕಪ್ಪು ತಲೆಗಳು ಬಿಸಿಲಿಗೆ ಸಾಲಾಗಿ ಕೂತವು. ಬೇಲಿಯಾಚೆ ಬೀದಿಯ ಜನ ನಿಂತರು. ತಿತಿನ್ ಒಂದು ತಲೆಯನ್ನು ಅವಸರದಲ್ಲಿ ಚಕ್ರ ಹಿಡಿದು ಎತ್ತಿದ್ದೇ, ಕುರ್ಚಿಯಿಂದ ಅಬಾ ಎದ್ದೇಬಿಟ್ಟರು.

"ಚಕ್ರ ಹಿಡೀಬೇಡ! ಚಕ್ರ ಹಿಡಿದು ಎತ್ತಬಾರದು ಅಂತ ಹುಟ್ಟಿದಾಗಿಂದ ಹೇಳ್ತಿದ್ದೀನಿ! ಕುತ್ತಿಗೆ ಕೆಳಗೆ ಕೈ ಹಾಕು. ಇನ್ನೊಂದು ಕೈ ಬುಡಕ್ಕೆ. ಕೊಡು ಇಲ್ಲಿ, ಕೊಡು!"

ಆಮೇಲೆ ಅವರು ಕೂರಲಿಲ್ಲ. ತಮ್ಮ ಮೆಷಿನ್‌ಗಳನ್ನು ಬೇರೆಯವರ ಕೈಗೆ ಬಿಡಲಾರದೆ, ಬೈಯುತ್ತ, ಏದುಸಿರು ಬಿಡುತ್ತ, ತಾವೇ ಒಂದೊಂದನ್ನು ಹೊತ್ತು ಇಟ್ಟರು. ಚಿನ್ನದ ಬಳ್ಳಿಯ ಮೆಷಿನ್ ಹೊಸ್ತಿಲಿಗೆ ಬಂದಾಗ ಒಂದು ತುದಿ ಇಮಾಸ್‌ಳ ಕೈಯಲ್ಲಿತ್ತು, ಇನ್ನೊಂದು ತುದಿ ಅವರ ಕೈಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಅದನ್ನು ಎತ್ತಿ ದಾಟಿಸಿದರು.

"ತಾಸಿಕ್ ನನ್ನ ದಾರಿಯಲ್ಲೇ ಇದೆ," ಎಂದರು ಹೆಂಗ್ಕಿ, ಕಾರಿನ ಹಿಂಬಾಗಿಲು ತೆಗೆಯುತ್ತ. "ಹಾಸಿಗೆ ಹೇಗೂ ಹಾಸಿದೆ."

ಎಮಾ ಅಳುತ್ತಲೇ ಬಾಳೆಎಲೆಯಲ್ಲಿ ಅನ್ನ ಕಟ್ಟಿ ವುಲಾನ್‌ಳ ಕೈಗೆ ತುರುಕಿದರು. ವುಲಾನ್ ಶಾಲೆಯ ಚೀಲ ಹಾಕಿಕೊಂಡು ಆಗಲೇ ಕಾರಿನಲ್ಲಿ ಕೂತಿದ್ದಳು; ಅವಳನ್ನು ಯಾರೂ ಕರೆದಿರಲಿಲ್ಲ. ಯಾಯತ್‌ನಿಗೆ ಇಮಾಸ್ ಫೋನ್ ಮಾಡಿದಳು. ಸಂತೆಯ ಗದ್ದಲದಲ್ಲಿ ಅವನು "ಏನು? ಏನು?" ಎಂದಷ್ಟೇ ಕೇಳಿಸಿತು. "ಪಟ್ಟಣದಲ್ಲಿ ಇಳ್ಕೊಳ್ಳಿ ಕಾಂಗ್, ಬರಬೇಕು ಅನ್ನಿಸಿದ್ರೆ," ಎಂದು ಇಟ್ಟಳು.

"ಮದುವೆಗೆ ಬರ್ತೀಯಾ?" ಎಂದಳು ತಿತಿನ್.

"ನಿನ್ನ ಕೆಬಾಯ ಇದರಲ್ಲೇ ಹೊಲೀತೀನಿ. ಅಳತೆಗೆ ನೀನೇ ಬಾ."

ಅಬಾ ಒಳಗೆ ಹೋಗಿ ಎಣ್ಣೆಯ ಸಣ್ಣ ಸೀಸೆ, ಒಂದು ಸ್ಕ್ರೂಡ್ರೈವರ್ ತಂದು ಅವಳ ಕೈಗೆ ಕೊಟ್ಟರು. "ಕಸೂತಿಗೆ ಹಲ್ಲು ಅಡ್ಡ ಬರುತ್ತೆ. ಅರದಲ್ಲಿ ಉಜ್ಜಿಬಿಡಬೇಡ. ಸ್ಕ್ರೂ ಬಿಚ್ಚಿ ತೆಗೆದಿಡು." ಅಲ್ಲಿಗೆ ನಿಲ್ಲಿಸಿದರು. ಅಂಗಳದ ತುಂಬ ಕೂತ ತಲೆಗಳ ಕಡೆ ನೋಡಿದರು, ಕಾರಿನೊಳಗಿನ ಒಂದರ ಕಡೆ ನೋಡಿದರು. "ಅದಕ್ಕೆ ಮೊದಮೊದಲು ಕೈ ಒಗ್ಗಲ್ಲ. ನಾನು ಆಗಾಗ ಬಂದು... ಎಣ್ಣೆ ಹಾಕಿ, ನೋಡಿಕೊಂಡು ಹೋಗಲಾ?"

ಇಮಾಸ್ ಸೀಸೆಯನ್ನು ಮಡಿಲಿಗೆ ಹಾಕಿಕೊಂಡಳು.

"ಬನ್ನಿ ಅಬಾ," ಎಂದಳು. "ಹೊರಗೆ ನಿಂತು ಸಲಾಂ ಹೇಳಿ. ನಾನು ಬಾಗಿಲು ತೆಗೀತೀನಿ."